ಒಂಬತ್ತು ಚುಕ್ಕಿ

ಗುಳೇದಗುಡ್ಡದಾಗ ಅರ್ಧ ಊರಿನ ಕೀಲಿ ನನಗ ಗೊತ್ತೈತಿ.
ಕದ್ದು ಕಲ್ತದ್ದಲ್ಲ, ಅವರ ಹೇಳ್ತಾರ,
ಫೋನ್ ಕೌಂಟರ್ ಮ್ಯಾಲಿಟ್ಟು, ಹತ್ತು ಮಂದಿ ಎದುರಿಗೆ,
ಗಾಳ್ಯಾಗ ಬೆರಳಾಡಿಸಿ:
ಒಂಬತ್ತು ಚುಕ್ಕಿ, ಮ್ಯಾಲಿಂದ ಕೆಳಗ, ಆಮ್ಯಾಲ ಬಲಕ್ಕ.
ಡ್ರಿಲ್ ಮಾಸ್ತರಂದು ಕುಡಗೋಲು.
ಕಂಡಕ್ಟರ್ ಮುರಿಗೆಪ್ಪಂದು ಹೊಸ್ತಿಲ ಇಲ್ಲದ ಮನಿ.
ಸೊಸೈಟಿ ಸೆಕ್ರೆಟರಿದು ಹಾವು,
ತಾನ ಮರೀತಾನ, ನನ್ನ ಕೇಳಾಕ ಬರ್ತಾನ.
ನಮ್ಮವ್ವ ಕುಣಿಮಗ್ಗದಾಗ ಕಾಲ ಇಳಿಬಿಟ್ಟು
ಖಣದ ಬುಟ್ಟಾ ಒಂದೊಂದರ ಹೆಸರು ಹೇಳ್ತಿದ್ಲು, ಬೆರಳು ಮಡಚಿ.
ನಾನೂ ಹಂಗ. ನೂಲು ಮುಟ್ಟದ ನೇಕಾರ.

ನೀಲಗಂಗಾ ಬಂದಾಗ ಕರೆಂಟ್ ಹೋಗಿತ್ತು.
ಹಿಂದಿನ ಓಣ್ಯಾಗ ಜಂಪರ್ ಹೊಲಿತಾಳ ಆಕಿ,
ಸೆರಗಿನ್ಯಾಗ ಎರಡು ಸೂಜಿ, ಕೊಳ್ಳಾಗ ಟೇಪು.
"ಬ್ಯಾಟ್ರಿ ನಿಂದರವಲ್ದು. ಸುಮ್ಮನ ಇಟ್ರೂ ಬಿಸಿ ಆಕ್ಕೈತಿ,
ಜ್ವರ ಬಂದ ಕೂಸಿನ ಹಣಿ ಮುಟ್ಟಿದಂಗ.
ಅಕ್ಕನ ಕೂಡ ಏನ ಮಾತಾಡಿದೆ ಅಂತ
ಊಟಕ್ಕ ಕುಂತಾಗ ಆಂವ ಹೇಳ್ತಾನ,
ಎಷ್ಟೊತ್ತು ಅತ್ತೆ ಅನ್ನೂದೂ.
ಕಿಡಕಿ ನೋಡಿದೆ, ಮಾಡ ನೋಡಿದೆ.
ಮಗಳಿಗೆ ಎರಡು ಏಟು ಹಾಕಿದೆ, ನೀನ ಚಾಡಿ ಹೇಳಾಕಿ ಅಂತ."

ನಾ ಮುಚ್ಚಳ ಬಿಚ್ಚೂ ಹಂಗ ಮಾಡಿದೆ.
ಬಿಚ್ಚೂದು ಏನೂ ಇರಲಿಲ್ಲ.
ಹೆಸರು ಸಿಸ್ಟಮ್ ಸರ್ವಿಸ್, ಬೂದಿ ಬಣ್ಣದ ಹಲ್ಲಿನ ಗಾಲಿ,
ಯಾರೂ ಒತ್ತಿ ನೋಡದಂಥಾದ್ದು.
ನಾನ ಹಾಕಿದ್ದು.
ಯುಗಾದಿ ಹಿಂದಿನ ಸೋಮವಾರ, ಐನೂರು ರೂಪಾಯಿ.
"ಸಿಮ್ ನನ್ನ ಹೆಸರಿಲೆ ಐತಿ, ಏನರ ಹಾಕಸ್ತೀನಿ"
ಅಂದಿದ್ದ ಆಕಿ ಗಂಡ. ಚಾ ತರಿಸಿದ್ದ. ಕುಡದೆ.
ಏಳು ಮಿನಿಟಿನ ಕೆಲಸ.
ಮ್ಯಾಲ ಒಂದು ಗ್ಲಾಸ್ ಹಚ್ಚಿ ಕೊಟ್ಟೆ, ಫುಕಟ್.

"ವೈರಸ್ ಇರಬೇಕ್ರಿ" ಅಂದೆ.
ನನ್ನ ದನಿ ನನಗ ಕೇಳಿಸ್ತು. ಫೋನಿಗೂ ಕೇಳಿಸಿರಬೇಕು.

ಆಕಿ ಫೋನ್ ಎತ್ತಿಕೊಂಡು ಓಣಿ ದಾಟಿ
ಎದುರಿನ ಮನ್ಯಾಗ ಹೋದ್ಲು, ಅಲ್ಲಿ ಕರೆಂಟ್ ಬೇಡದ ಮಗ್ಗ
ಖಟಕ್ ಖಟಕ್ ಅಂತಿತ್ತು.
ಅಲ್ಲೇ ಇಟ್ಟು, ಬರಿಗೈಲೆ ತಿರಗಿ ಬಂದ್ಲು.
"ಅವತ್ತು ಆಂವ ಫೋನ್ ತಂದು ಕೊಟ್ಟಾಗ ಹೊಸಾ ಗ್ಲಾಸ್ ಇತ್ತು.
ಒಂದ ಒಂದು ಗುಳ್ಳಿ ಇರಲಿಲ್ಲ ಒಳಗ.
ಈ ಊರಾಗ ಗುಳ್ಳಿ ಇಲ್ಲದ ಹಚ್ಚೂ ಕೈ ನಿಮ್ದೊಂದ.
ನಾನೂ ಲೈನಿಂಗ್ ಕೂಡಸಾಕೀನ,
ಯಾರ ಹೊಲಿಗಿ ಅಂತ ಒಳಮೈ ನೋಡಿ ಹೇಳ್ತೀನಿ."

ನನ್ನ ಕೈಯಾಗಿನ ಸ್ಕ್ರೂಡ್ರೈವರ್
ಎಲ್ಲಿಡಬೇಕು ತಿಳೀಲಿಲ್ಲ.
"ತೆಗೀತೀನ್ರಿ. ಆದ್ರ ತೆಗೆದದ್ದು ಅವಂಗ ಗೊತ್ತಾಕ್ಕೈತಿ."
"ತೆಗಿಬ್ಯಾಡ್ರಿ. ದಿನಾ ನಾಕು ತಾಸು ಮಗ್ಗದ ಬಾಜೂಕ ಇಡ್ತೀನಿ.
ಕೇಳ್ಲಿ. ನಾ ಓಣ್ಯಾಗ ಅದೀನಿ ಅಂತ ನಕಾಶಿ ತೋರಿಸ್ಲಿ."

ನೀವೆಲ್ಲಿ ಹೊಂಟ್ರಿ ಅಂತ ನಾಲಿಗಿ ತುದಿಗೆ ಬಂತು.
ಕೇಳಲಿಲ್ಲ.
ಇಡೀ ದಿನದಾಗ ನಾ ಮಾಡಿದ ರಿಪೇರಿ ಅದೊಂದ.
ಸ್ಟ್ಯಾಂಡಿನ್ಯಾಗ ಯಾವುದೋ ಬಸ್ ಹಾರ್ನ್ ಹೊಡೀತು,
ಬೋರ್ಡ್ ನೋಡಾಕ ಹೋಗಲಿಲ್ಲ.

ಇಂಥವು ಊರಾಗ ಇನ್ನ ಹನ್ನೊಂದು ಅದಾವ.
ಯಾರ್ಯಾರ ಕೈಯಾಗ ಈಗ ಬಿಸಿ ಆಗ್ಯಾವೋ.

ಶನಿವಾರ ಆಂವ ಬಂದ.
"ಏನ ಹಾಕೀಯೋ ಮಾರಾಯ, ಮೂರು ದಿನ ಆತು,
ಬರೇ ಖಟಕ್ ಖಟಕ್. ಕೆಟ್ಟೈತಿ ನೋಡು."
ಇಯರ್‌ಫೋನ್ ಹಾಕ್ಕೊಂಡೆ.
ಲಾಳಿ ಅತ್ತಾಗ, ಲಾಳಿ ಇತ್ತಾಗ,
ನಡುವ ಯಾರೋ ಮುದುಕಿ ಕೆಮ್ಮಿದ್ದು,
ಹರದ ಎಳಿ ಕಟ್ಟಾಕ ನಿಂತಷ್ಟೊತ್ತು ಸುಮ್ಮನಿದ್ದು,
ಮತ್ತ ಲಾಳಿ.
ಆಂವ ಮಾರಿ ನೋಡ್ಕೋತ ನಿಂತಿದ್ದ. ನಾ ಬಿಡ್ಲಿಲ್ಲ,
ಬಾಳ ಹೊತ್ತು ಕೇಳಿದೆ.

"ಏನೂ ಕೆಟ್ಟಿಲ್ರಿ" ಅಂದೆ.
"ಸರೀನ ನಡದೈತಿ."